ಡೇ ಕೇರ್‌ಗೆ ನಾಲ್ಕು ನಮೂನೆ ನೆಲ: ಹುಲ್ಲು ಹೋಯಿತು, ಉಸುಕು ಉಳಿಯಿತು

ವಿಜಯಪುರದಲ್ಲಿ, ಸೋಲಾಪುರ ರಸ್ತೆ ಕಡೆಗಿರುವ ನಮ್ಮ ಮನೆಯಲ್ಲೇ ನಾನು ಡೇ ಕೇರ್ ನಡೆಸುತ್ತೇನೆ. ಒಟ್ಟು ಒಂಬತ್ತು ಮಕ್ಕಳು. ಒಂದು ವರ್ಷದ ಕೂಸಿನಿಂದ ಐದು ವರ್ಷದವರ ತನಕ ಇದ್ದಾರೆ. ಅಂಗಳ 30 ಅಡಿ ಉದ್ದ, 20 ಅಡಿ ಅಗಲ. ಒಂದು ಮೂಲೆಯಲ್ಲಿ ಬೇವಿನ ಮರ ಇದೆ. ಈ ಅಂಗಳ, ಒಳಗಿನ ಪಡಸಾಲೆ ಎರಡಕ್ಕೂ ಸೇರಿ ಮೂರು ವರ್ಷದಲ್ಲಿ ನಾಲ್ಕು ನಮೂನೆಯ ನೆಲ ಹಾಕಿಸಿ ನೋಡಿದ್ದೇನೆ. ಯಾವುದಕ್ಕೆ ಕೊಟ್ಟ ದುಡ್ಡು ದಕ್ಕಿತು, ಯಾವುದು ದಕ್ಕಲಿಲ್ಲ ಅಂತ ಬರೆಯುತ್ತಿದ್ದೇನೆ. ಮನೆಯಲ್ಲಿ ಡೇ ಕೇರ್ ತೆಗೆಯಬೇಕು ಅಂತ ಇರುವವರು ಅಂಗಡಿಗೆ ಹೋಗುವ ಮೊದಲು ಇದನ್ನು ಓದಲಿ.

ಮೊದಲು ಹಾಕಿಸಿದ್ದು ಆರ್ಟಿಫಿಶಿಯಲ್ ಗ್ರಾಸ್. ನಿಜವಾದ ಹುಲ್ಲು ಬೆಳೆಸುವ ಆಸೆ ಇತ್ತು. ಆದರೆ ನಮ್ಮ ಓಣಿಗೆ ನಳದ ನೀರು ದಿನಾ ಬರುವುದಿಲ್ಲ. ಕುಡಿಯಲು ಹಿಡಿದಿಟ್ಟ ನೀರನ್ನು ಹುಲ್ಲಿಗೆ ಹಾಕಲು ಮನಸ್ಸು ಬರಲಿಲ್ಲ. ಅಂಗಡಿಯವರು ಬಂದು ಅಳತೆ ತೆಗೆದುಕೊಂಡರು. "ಅಕ್ಕಾರ, ಮಳಿ ಬರಲಿ ಬಿಸಲ ಬರಲಿ, ಐದ ವರ್ಷ ಇದಕ್ಕ ಏನೂ ಆಗಂಗಿಲ್ಲರಿ" ಅಂದರು. ಚದರ ಅಡಿಗೆ 45 ರೂಪಾಯಿಯಂತೆ 240 ಚದರ ಅಡಿ ಹಾಕಿಸಿದೆ. ಕೆಳಗೆ ಕಾಂಕ್ರೀಟ್ ಹಾಕಿ, ಅದರ ಮೇಲೆ ಅಂಟು ಬಳಿದು ಹಾಸಿದರು. ಜನವರಿ ತಿಂಗಳು. ಫೋಟೋದಲ್ಲಿ ಬಹಳ ಚೆಂದ ಕಾಣುತ್ತಿತ್ತು. ಆ ಫೋಟೋ ನೋಡಿಯೇ ಎರಡು ಮಕ್ಕಳು ಸೇರಿದರು.

ಏಪ್ರಿಲ್ ಬಂತು. ನಮ್ಮ ಕಡೆಯ ಬಿಸಿಲು ಗೊತ್ತಲ್ವಾ, 40 ಡಿಗ್ರಿ ದಾಟುತ್ತದೆ. ಮಧ್ಯಾಹ್ನ ಮಕ್ಕಳನ್ನು ಹೊರಗೆ ಬಿಡುವುದಿಲ್ಲ. ಸಂಜೆ ನಾಲ್ಕೂವರೆಗೆ ಬಿಟ್ಟೆ. ಎರಡು ವರ್ಷದ ಒಂದು ಹುಡುಗಿ ಚಪ್ಪಲಿ ಕಳೆದು ಹುಲ್ಲಿನ ನಡುವೆ ಹೋಗಿ ನಿಂತಳು. ನಿಂತಲ್ಲೇ ಜೋರಾಗಿ ಅಳತೊಡಗಿದಳು. ಓಡಿ ಬರಲಿಲ್ಲ, ಕಾಲೂ ಎತ್ತಲಿಲ್ಲ. ಚೇಳು ಗೀಳು ಕಡಿಯಿತೇನೋ ಅಂತ ಹೆದರಿ ಹೋಗಿ ಎತ್ತಿಕೊಂಡೆ. ನೋಡಿದರೆ ಅಂಗಾಲು ಕೆಂಪಾಗಿದೆ. ಆ ಹುಲ್ಲಿಗೆ ನನ್ನ ಅಂಗೈ ಇಟ್ಟು ನೋಡಿದೆ. ಮೂರು ಎಣಿಸುವಷ್ಟು ಹೊತ್ತು ಇಡಲು ಆಗಲಿಲ್ಲ. ತಣ್ಣೀರಿನಲ್ಲಿ ಬಹಳ ಹೊತ್ತು ಕಾಲು ಹಿಡಿದೆ. ಬೊಬ್ಬೆ ಏಳಲಿಲ್ಲ, ನನ್ನ ಪುಣ್ಯ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಮೇಲೆ ಮಗಳು ಓದಿ ಹೇಳಿದಳು. ಪ್ಲಾಸ್ಟಿಕ್ ಹುಲ್ಲು ಗಟ್ಟಿ ಬಿಸಿಲಿನಲ್ಲಿ 60 ಡಿಗ್ರಿಗೂ ಮೇಲೆ ಕಾಯುತ್ತದೆ. ನಿಜವಾದ ಹುಲ್ಲಿನಲ್ಲಿ ನೀರಿನ ಅಂಶ ಇರುತ್ತದೆ, ಅದು ಆವಿಯಾಗುತ್ತಾ ತಂಪು ಕೊಡುತ್ತದೆ. ಇದರಲ್ಲಿ ಆ ಗುಣ ಇಲ್ಲ. ನೀರು ಚಿಮುಕಿಸಿದರೆ ಸ್ವಲ್ಪ ಹೊತ್ತು ತಣ್ಣಗಾಗಿ ಮತ್ತೆ ಕಾಯುತ್ತದೆ. ಇನ್ನೊಂದು ಮಾತನ್ನು ನಾನು ಕಣ್ಣಾರೆ ಕಂಡೆ. ದೊಡ್ಡವರಿಗೆ ಕಾಲು ಸುಟ್ಟರೆ ತಟ್ಟನೆ ಜಿಗಿದು ಆಚೆ ಹೋಗುತ್ತಾರೆ. ಬಹಳ ಸಣ್ಣ ಮಕ್ಕಳಿಗೆ ಅದು ತಿಳಿಯುವುದಿಲ್ಲ. ನಿಂತ ಜಾಗದಲ್ಲೇ ನಿಂತು ಅಳುತ್ತವೆ. ಅಷ್ಟರಲ್ಲಿ ಅವುಗಳ ಎಳೆ ಚರ್ಮ ಸುಟ್ಟಿರುತ್ತದೆ.

ಎರಡನೆಯ ಪಾಠ ಮುಂದಿನ ತಿಂಗಳೇ ಆಯಿತು. ಒಬ್ಬ ಹುಡುಗ ಜಾರುಬಂಡಿಯ ಎರಡನೇ ಮೆಟ್ಟಿಲಿನಿಂದ ಬಿದ್ದ. ಹಣೆ ಉಬ್ಬಿತು. ಡಾಕ್ಟರ್ ನೋಡಿ ಹೆದರಿಕೆ ಇಲ್ಲ ಅಂದರು. ಹುಲ್ಲಿನ ಎಳೆ ಒಂದು ಇಂಚು, ಅದರ ಕೆಳಗೆ ಬರೀ ಕಾಂಕ್ರೀಟ್. ಕಣ್ಣಿಗೆ ಮೆತ್ತಗೆ ಕಾಣುತ್ತದೆ, ತಲೆಗೆ ಬಡಿಯುವುದು ಕಾಂಕ್ರೀಟೇ. ಹುಲ್ಲಿನ ಕೆಳಗೆ ಹಾಕುವ ಮೆತ್ತನೆ ಪ್ಯಾಡ್ ಬೇರೆ ಸಿಗುತ್ತದಂತೆ. ಮಾರಿದವರು ಅದರ ಸುದ್ದಿಯನ್ನೇ ಎತ್ತಲಿಲ್ಲ. ನಾನು ಕೇಳಲೂ ಇಲ್ಲ. ಕೇಳಬೇಕಾಗಿತ್ತು.

ಆ ಬೇಸಿಗೆ ಮುಗಿಯುವ ಮೊದಲೇ ಹುಲ್ಲು ಕಿತ್ತು ತೆಗೆಸಿದೆ. 10,800 ರೂಪಾಯಿ ಹೋಯಿತು. ಕಾಂಕ್ರೀಟ್ ಒಡೆಸಲು ಮತ್ತೆ ಬೇರೆ ಕೂಲಿ.

ಆಗ ನಮ್ಮ ಅತ್ತೆ ಹೇಳಿದ ಮಾತು ಇದು: "ಮಣ್ಣಾಗ ಆಡ್ಲಿ ಬಿಡವಾ. ಮೊದಲ ನೆರಳ ಮಾಡಿ ಕೊಡು." ಅವರ ಮಾತು ಕೇಳಿ ನೆಲ ಬಿಟ್ಟು ಮೊದಲು ನೆರಳು ಮಾಡಿಸಿದೆ. ಇಡೀ ಕೆಲಸದಲ್ಲಿ ನಾನು ಮಾಡಿದ ಒಳ್ಳೆಯ ಖರ್ಚು ಅದೇ. ನಮ್ಮ ಜಿಲ್ಲೆ ದ್ರಾಕ್ಷಿಯ ಸೀಮೆ. ಒಣದ್ರಾಕ್ಷಿ ಶೆಡ್ಡುಗಳಿಗೆ ಕಟ್ಟುವ ಹಸಿರು ನೆಟ್ ಕೃಷಿ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. 50, 75, 90 ಅಂತ ಶೇಕಡಾ ಲೆಕ್ಕದಲ್ಲಿ ಕೊಡುತ್ತಾರೆ, ಎಷ್ಟು ಬಿಸಿಲು ತಡೆಯುತ್ತದೆ ಅನ್ನುವ ಲೆಕ್ಕ ಅದು. ನಾನು 75ರದ್ದು ತಂದೆ. ನಾಲ್ಕು ಕಬ್ಬಿಣದ ಪೈಪ್ ನಿಲ್ಲಿಸಿ ಹತ್ತು ಅಡಿ ಎತ್ತರಕ್ಕೆ ಕಟ್ಟಿಸಿದೆ. ಪಶ್ಚಿಮದ ಕಡೆಗೆ ನೆಟ್ ಸ್ವಲ್ಪ ಇಳಿಬಿಡಿ. ಮಕ್ಕಳು ಹೊರಗೆ ಬರುವ ಹೊತ್ತಿಗೆ ಬಿಸಿಲು ಆ ಕಡೆಯಿಂದಲೇ ಬೀಳುತ್ತದೆ. ಗಾಳಿಗೆ ನೆಟ್ ಹರಿಯುತ್ತದೆ, ವರ್ಷಕ್ಕೊಮ್ಮೆ ಹೊಲಿಗೆ ಹಾಕಿಸಬೇಕು.

ನೆರಳಾದ ಮೇಲೆ ನೆಲದ ವಿಚಾರ ಮತ್ತೆ ಬಂತು. ಈ ಸಲ ಮಗಳು ಅಮೆರಿಕದ ಗ್ರಾಹಕ ವಸ್ತು ಸುರಕ್ಷತಾ ಆಯೋಗದ ಆಟದ ಮೈದಾನದ ಕೈಪಿಡಿ ಓದಿ ವಿವರಿಸಿದಳು. ಅದರಲ್ಲಿ ಒಂದು ಕೋಷ್ಟಕ ಇದೆ. ಯಾವ ವಸ್ತು ಎಷ್ಟು ದಪ್ಪ ಇದ್ದರೆ ಎಷ್ಟು ಎತ್ತರದಿಂದ ಬಿದ್ದ ಮಗುವಿನ ತಲೆ ಉಳಿಯುತ್ತದೆ ಅಂತ. 9 ಇಂಚು ಉಸುಕು ಇದ್ದರೆ 4 ಅಡಿ ಎತ್ತರದ ತನಕ. 9 ಇಂಚು ಸಣ್ಣ ಉರುಟು ಕಲ್ಲು ಇದ್ದರೆ 5 ಅಡಿ. 9 ಇಂಚು ಕಟ್ಟಿಗೆ ಚೂರು ಇದ್ದರೆ 10 ಅಡಿ. ಬರೀ ಮಣ್ಣು, ಹುಲ್ಲು ಇವನ್ನು ಲೆಕ್ಕಕ್ಕೇ ಹಿಡಿದಿಲ್ಲ. ತುಳಿದು ತುಳಿದು ಅವು ಗಟ್ಟಿಯಾಗುತ್ತವೆ. ಕಾಂಕ್ರೀಟ್ ಅಂತೂ ಬೇಡವೇ ಬೇಡ.

ಕಟ್ಟಿಗೆ ಚೂರು ನಮ್ಮ ಊರಲ್ಲಿ ಆಟದ ಅಂಗಳಕ್ಕೆ ಅಂತ ಯಾರೂ ಮಾರುವುದಿಲ್ಲ. ಶೇಂಗಾ ಸಿಪ್ಪೆ ಹಾಕಿ ಅಂತ ಪಕ್ಕದ ಮನೆಯವರು ಹೇಳಿದರು. ಅದು ಮಳೆಗೆ ಕೊಳೆಯುತ್ತದೆ, ಹುಳ ಬೀಳುತ್ತದೆ. ಉರುಟು ಕಲ್ಲನ್ನು ಸಣ್ಣ ಮಕ್ಕಳು ಬಾಯಿಗೆ ಹಾಕಿಕೊಳ್ಳುತ್ತವೆ, ಗಂಟಲಿಗೆ ಸಿಕ್ಕರೆ ಮುಗಿಯಿತು. ಹಾಗಾಗಿ ನನಗೆ ಉಳಿದದ್ದು ಎರಡು: ರಬ್ಬರ್ ಟೈಲ್ಸ್, ಇಲ್ಲವೇ ಉಸುಕು.

ರಬ್ಬರ್ ಟೈಲ್ಸ್ ವಿಷಯದಲ್ಲಿ ಬಹಳ ಎಚ್ಚರ ಬೇಕು. ಮೊದಲು ಹೋದ ಅಂಗಡಿಯಲ್ಲಿ ಜಿಮ್‌ಗೆ ಹಾಕುವ ಕಪ್ಪು ಟೈಲ್ ತೋರಿಸಿ, ಇದೇ ಮಕ್ಕಳಿಗೂ ಆಗುತ್ತದೆ ಅಂದರು. ಎರಡೂ ಹಳೆಯ ಟೈರ್ ಪುಡಿಯವೇ. ಆದರೆ ಜಿಮ್ ಟೈಲ್ ಗಟ್ಟಿ ಇರುತ್ತದೆ. ಕಬ್ಬಿಣದ ತೂಕ ಬಿದ್ದಾಗ ನೆಲ ಒಡೆಯದಂತೆ ಕಾಯುವುದು ಅದರ ಕೆಲಸ. ಮಗುವಿನ ತಲೆ ಕಾಯುವ ಟೈಲ್ ಬೇರೆ. ಅದನ್ನು ಹೆಬ್ಬೆರಳಿನಿಂದ ಒತ್ತಿದರೆ ಒಳಗೆ ಹೋಗುತ್ತದೆ, ತಿರುಗಿಸಿದರೆ ಅಡಿಯಲ್ಲಿ ಟೊಳ್ಳು ಬಿಟ್ಟ ಸಣ್ಣ ಕಾಲುಗಳು ಇರುತ್ತವೆ. ಅಂಗಡಿಯಲ್ಲಿ ಒಂದೇ ಪ್ರಶ್ನೆ ಕೇಳಿ: ಎಷ್ಟು ಎತ್ತರದಿಂದ ಬಿದ್ದರೆ ಇದು ತಡೆಯುತ್ತದೆ, ಪರೀಕ್ಷೆಯ ಕಾಗದ ಇದೆಯೇ? ಅಮೆರಿಕದ ಎಎಸ್‌ಟಿಎಂ ಎಫ್ 1292, ಯುರೋಪಿನ ಇಎನ್ 1177 ಅಂತ ಎರಡು ಪರೀಕ್ಷೆಗಳಿವೆ. ತಲೆಯ ಆಕಾರದ ಲೋಹದ ಗುಂಡು ಬೀಳಿಸಿ ಪೆಟ್ಟು ಅಳೆಯುತ್ತಾರೆ. ಕಾಗದದ ಮೇಲೆ ಆ ಎತ್ತರ ಬರೆದಿರುತ್ತದೆ. ಮೂರು ಅಂಗಡಿಯಲ್ಲಿ ಈ ಪ್ರಶ್ನೆ ಕೇಳಿದೆ, ಉತ್ತರ ಸಿಗಲಿಲ್ಲ. ನಾಲ್ಕನೆಯವರು ಹುಬ್ಬಳ್ಳಿಯಿಂದ ಕಾಗದ ಸಮೇತ ತರಿಸಿಕೊಟ್ಟರು. 40 ಮಿಲಿಮೀಟರ್ ದಪ್ಪ, 1.2 ಮೀಟರ್ ಎತ್ತರಕ್ಕೆ. ಚದರ ಅಡಿಗೆ 140 ರೂಪಾಯಿ ಬಿತ್ತು.

ಇಡೀ ಅಂಗಳಕ್ಕೆ ಹಾಕಿಸುವ ಶಕ್ತಿ ನನಗಿರಲಿಲ್ಲ. ಮನೆಯ ಮುಂದಿನ ಕಟ್ಟೆ ಒಂದೂವರೆ ಅಡಿ ಎತ್ತರ ಇದೆ. ಮಕ್ಕಳು ದಿನವಿಡೀ ಅದರ ಮೇಲಿಂದ ಜಿಗಿಯುತ್ತವೆ. ಆ ಕಟ್ಟೆಯ ಮುಂದೆ, ಛಾವಣಿಯ ನೆರಳು ಬೀಳುವ ಕಡೆ, 12 ಅಡಿಗೆ 8 ಅಡಿ ಹಾಕಿಸಿದೆ. ಅರ್ಧ ಮೀಟರ್ ಚೌಕದ ಟೈಲ್, 36 ಹಿಡಿದವು. ಎರಡು ವರ್ಷವಾಯಿತು. ಈ ಜಾಗಕ್ಕೆ ಇದಕ್ಕಿಂತ ಒಳ್ಳೆಯದು ಇಲ್ಲ. ಬಿದ್ದರೆ ಮೊಣಕಾಲು ಕೂಡ ತರಚುವುದಿಲ್ಲ. ಮಳೆಯಲ್ಲೂ ಜಾರುವುದಿಲ್ಲ. ತೊಂದರೆಗಳೂ ಇವೆ. ಮೊದಲ ತಿಂಗಳು ಟೈರ್ ವಾಸನೆ ಜಾಸ್ತಿ ಇತ್ತು. ಎರೆ ಮಣ್ಣಿನ ಧೂಳು ಸಂದಿಗಳಲ್ಲಿ ಕೂರುತ್ತದೆ, ವಾರಕ್ಕೊಮ್ಮೆ ಪೊರಕೆ ಹಾಕಿ ತಿಕ್ಕಬೇಕು. ನೆರಳು ತಪ್ಪಿದ ಅಂಚಿನ ಎರಡು ಸಾಲು ಬೇಸಿಗೆಯಲ್ಲಿ ಹುಲ್ಲಿನಷ್ಟೇ ಕಾಯುತ್ತವೆ. ಅಲ್ಲಿ ನಾನು ಬೇಸಿಗೆಯ ನಾಲ್ಕು ತಿಂಗಳು ಹಳೆಯ ಚಾಪೆ ಹಾಸುತ್ತೇನೆ. ಬಿಸಿಲಿಗೆ ಬಿಟ್ಟು ರಬ್ಬರ್ ಹಾಕಿಸುವುದಾದರೆ ದಯವಿಟ್ಟು ಬೇಡ.

ಜಾರುಬಂಡಿ ಕೆಳಗೆ ಉಸುಕು. ಇದರ ಮೇಲೆ ನನಗೆ ಬಹಳ ಪ್ರೀತಿ, ಬಹಳ ಕೆಲಸವೂ ಇದರದ್ದೇ. ನಮ್ಮ ಜಾರುಬಂಡಿ 3 ಅಡಿ ಎತ್ತರ, 5 ಅಡಿ ಉದ್ದ, 2 ಅಡಿ ಅಗಲ. ಸುತ್ತ ನಾಲ್ಕೂ ಕಡೆ 6 ಅಡಿ ಮೆತ್ತನೆ ನೆಲ ಬೇಕು ಅಂತ ಆ ಕೈಪಿಡಿ ಹೇಳುತ್ತದೆ. ಅಂದರೆ 17 ಅಡಿಗೆ 14 ಅಡಿ. ಅಷ್ಟು ಜಾಗದಲ್ಲಿ 15 ಇಂಚು ತೋಡಿಸಿದೆ. ಕೆಳಗೆ 3 ಇಂಚು ಖಡಿ, ಅಂದರೆ ಜಲ್ಲಿ ಕಲ್ಲು, ನೀರು ಇಳಿಯಲಿ ಅಂತ. ನಮ್ಮ ಎರೆ ಮಣ್ಣಿನಲ್ಲಿ ನೀರು ಬೇಗ ಇಂಗುವುದಿಲ್ಲ, ಹಾಗಾಗಿ ಒಂದು ಮೂಲೆಯಿಂದ ಗಟಾರಕ್ಕೆ ಪೈಪ್ ಕೂಡ ಕೊಡಿಸಿದೆ. ಖಡಿಯ ಮೇಲೆ ನೀರು ಸೋಸುವ ದಪ್ಪ ಬಟ್ಟೆ ಹಾಸಿದೆವು. ಅದಿಲ್ಲದಿದ್ದರೆ ಖಡಿ ಮೇಲೆ ಬಂದು ಉಸುಕಿಗೆ ಬೆರೆಯುತ್ತದೆ. ಅದರ ಮೇಲೆ ಒಂದು ಅಡಿ ಉಸುಕು. 9 ಇಂಚು ಸಾಕು, ಆದರೆ ತುಳಿದಂತೆ ಕೂರುತ್ತದೆ, ಅದಕ್ಕೇ 3 ಇಂಚು ಹೆಚ್ಚು. ಎರಡೂವರೆ ಬ್ರಾಸ್ ಹಿಡಿಯಿತು (ಒಂದು ಬ್ರಾಸ್ ಅಂದರೆ 100 ಘನ ಅಡಿ). ಸಾಗಣೆ, ಕೂಲಿ ಸೇರಿ 22,000 ದಾಟಿತು.

ಎಂ ಸ್ಯಾಂಡ್ ಅಗ್ಗ, ಅದನ್ನೇ ಹಾಕಿಸಿ ಅಂತ ಗೌಂಡಿ ಹೇಳಿದ. ಬೇಡ ಅಂದೆ. ಅದು ಕಲ್ಲು ಒಡೆದು ಮಾಡಿದ ಪುಡಿ. ಕಾಳಿನ ಅಂಚು ಚೂಪಾಗಿರುತ್ತದೆ, ಸಣ್ಣ ಧೂಳೂ ಇರುತ್ತದೆ. ಒಂದಕ್ಕೊಂದು ಹಿಡಿದುಕೊಂಡು ಗಟ್ಟಿಯಾಗುತ್ತದೆ. ಕಟ್ಟಡಕ್ಕೆ ಆ ಗುಣ ಬೇಕು, ಬಿದ್ದ ಮಗುವಿಗೆ ಬೇಡ. ನಮಗೆ ಬೇಕಾದದ್ದು ತೊಳೆದ ಹೊಳೆ ಉಸುಕು. ಅದರ ಕಾಳು ಉರುಟಾಗಿರುತ್ತದೆ, ಕಾಲಿಟ್ಟರೆ ಸರಿಯುತ್ತದೆ. ಗಾಡಿ ಇಳಿಸುವ ಮೊದಲು ಒಂದು ಮುಷ್ಟಿ ಉಸುಕನ್ನು ಗಾಜಿನ ಬಾಟಲಿಗೆ ಹಾಕಿ, ನೀರು ತುಂಬಿ, ಅಲ್ಲಾಡಿಸಿ ಇಡಿ. ಅರ್ಧ ಗಂಟೆಯಲ್ಲಿ ಮೇಲೆ ಮಣ್ಣಿನ ಪದರ ಕೂತರೆ ತೊಳೆದದ್ದಲ್ಲ. ನಾನು ಮೊದಲನೇ ಗಾಡಿ ಹಾಗೆಯೇ ವಾಪಸ್ ಕಳಿಸಿದೆ. ಡ್ರೈವರ್‌ಗೆ ಸಿಟ್ಟು ಬಂತು, ಆದರೂ ಕಳಿಸಿದೆ.

ದಿನದ ಕೆಲಸ ಹೇಳುತ್ತೇನೆ. ರಾತ್ರಿ ತಾಡಪತ್ರಿ ಮುಚ್ಚಲೇಬೇಕು. ಇಲ್ಲದಿದ್ದರೆ ಬೆಕ್ಕು ಹೊಲಸು ಮಾಡುತ್ತದೆ, ಅದರಿಂದ ಮಕ್ಕಳ ಹೊಟ್ಟೆಗೆ ಜಂತು ಸೇರುತ್ತದೆ. ಬೆಳಿಗ್ಗೆ ಮಕ್ಕಳು ಬರುವ ಮೊದಲು ಹಲ್ಲಿನ ಕುಂಟೆಯಿಂದ ಕೆದಕುತ್ತೇನೆ. ಹತ್ತು ನಿಮಿಷ ಸಾಕು. ಬೇವಿನ ಹಣ್ಣು, ಜಾಲಿ ಮುಳ್ಳು, ಒಂದು ಸಲ ಒಡೆದ ಬಳೆ ಚೂರೂ ಸಿಕ್ಕಿದೆ. ಜಾರಿ ಬಂದು ಇಳಿಯುವ ಕಡೆ ದಿನಾ ಗುಂಡಿ ಬೀಳುತ್ತದೆ, ಅದನ್ನು ತುಂಬಬೇಕು. ಜಾರುಬಂಡಿಯ ಕಾಲಿಗೆ ಕೆಂಪು ಬಣ್ಣದಲ್ಲಿ ಗೆರೆ ಹಾಕಿದ್ದೇನೆ. ಆ ಗೆರೆ ಕಂಡಿತು ಅಂದರೆ ಅಲ್ಲಿ ಉಸುಕು 9 ಇಂಚಿಗೆ ಇಳಿದಿದೆ ಅಂತ ಅರ್ಥ. ಹೋದ ಮಳೆಗಾಲದ ನಂತರ ಕಾಲು ಬ್ರಾಸ್ ಹೊಸದಾಗಿ ಸುರಿಸಿದೆ.

ತಾಯಂದಿರ ದೂರು ಒಂದೇ, ತಲೆಯಲ್ಲಿ ಉಸುಕು ಅಂತ. ಅದು ನಿಜ. ಬಾಗಿಲ ಹತ್ತಿರ ನಳ ಹಾಕಿಸಿ, ಕೈಕಾಲು ತೊಳೆಸಿ ಒಳಗೆ ಬಿಡುತ್ತೇನೆ. ಉಸುಕು ಎರಚಿದವರು ಆ ದಿನ ಕಟ್ಟೆಯ ಮೇಲೆ ಕೂರಬೇಕು. ಈ ಒಂದು ನಿಯಮ ಎಲ್ಲರಿಗೂ ಗೊತ್ತು.

ಒಂದೂವರೆ ವರ್ಷದ ಒಳಗಿನ ಕೂಸುಗಳು ಉಸುಕು ತಿನ್ನುತ್ತವೆ. ಅವಕ್ಕೆ ಪಡಸಾಲೆಯಲ್ಲಿ ಈವಿಎ ಅನ್ನುವ ಮೆತ್ತನೆ ಫೋಮಿನ ಮ್ಯಾಟ್, ಒಂದಕ್ಕೊಂದು ಸಿಕ್ಕಿಸುವ ಬಣ್ಣದ್ದು. ತೆವಳುವ ಕೂಸಿಗೆ ಒಳ್ಳೆಯದು. ಅಂಗಳಕ್ಕೆ ಇದನ್ನು ಹಾಕಬೇಡಿ, ಬಿಸಿಲಿಗೆ ಅಂಚು ಮೇಲೆದ್ದು ಎಡವಲು ದಾರಿಯಾಗುತ್ತದೆ. ಇಂಥ ಮ್ಯಾಟ್‌ಗಳಲ್ಲಿ ಫಾರ್ಮಮೈಡ್ ಅನ್ನುವ ರಾಸಾಯನಿಕ ಇರುತ್ತದೆ ಅಂತ 2010ರ ಕೊನೆಯಲ್ಲಿ ಬೆಲ್ಜಿಯಂ, ಫ್ರಾನ್ಸ್ ದೇಶಗಳು ಮಾರಾಟ ತಡೆದಿದ್ದವು. ವಾಸನೆ ಜಾಸ್ತಿ ಇದ್ದುದನ್ನು ತರಬೇಡಿ. ತಂದದ್ದನ್ನು ಬಿಚ್ಚಿ, ಕೆಲವು ದಿನ ಗಾಳಿಗಿಟ್ಟು ಆಮೇಲೆ ಹಾಸಿ.

ಜೋಕಾಲಿ ಯಾಕಿಲ್ಲ ಅಂತ ಎಲ್ಲರೂ ಕೇಳುತ್ತಾರೆ. ಜೋಕಾಲಿ ಕಟ್ಟಿದ ಎತ್ತರದ ಎರಡು ಪಟ್ಟು ಜಾಗ ಮುಂದೆ, ಅಷ್ಟೇ ಜಾಗ ಹಿಂದೆ ಮೆತ್ತಗಿರಬೇಕು. 7 ಅಡಿಗೆ ಕಟ್ಟಿದರೆ ಒಟ್ಟು 28 ಅಡಿ. ನನ್ನ ಅಂಗಳ ಇರುವುದೇ 30. ಉಳಿದ ಜಾಗದಲ್ಲಿ ಗರಸು (ಸಣ್ಣ ಕಲ್ಲು ಬೆರೆತ ಮಣ್ಣು) ಹಾಗೆಯೇ ಬಿಟ್ಟಿದ್ದೇನೆ, ಅಲ್ಲಿ ಓಡಲಿ ಅಂತ.

ಹೋದ ತಿಂಗಳು ಒಬ್ಬ ಮಗುವಿನ ತಂದೆ ಬಂದರು. ತಮ್ಮ ಮನೆಯಲ್ಲಿರುವ ದೊಡ್ಡ ಜಾರುಬಂಡಿ ಪುಕ್ಕಟೆ ಕೊಡುತ್ತೇನೆ ಅಂದರು. "ತಗೋರಿ ಅಕ್ಕಾರ, ನಮ್ಮ ಹುಡುಗ ಈಗ ದೊಡ್ಡಾಂವ ಆಗ್ಯಾನ." ಹೋಗಿ ಟೇಪ್ ಹಿಡಿದು ಅಳೆದೆ. 5 ಅಡಿ ಇತ್ತು. ನನ್ನ ಉಸುಕು ತಡೆಯುವುದು 4 ಅಡಿಯ ತನಕ. ಬೇಡರಿ ಅಂದು, ಚಹಾ ಕುಡಿದು ಬಂದೆ.