ಕೀಟನಾಶಕ ವಿಷ: ಪ್ಲಾಸ್ಮಾ ಟೆಸ್ಟಾ, ಕೆಂಪು ರಕ್ತಕಣದ ಟೆಸ್ಟಾ?

ಸೂಜಿಮೊನೆಯಷ್ಟು ಚಿಕ್ಕದಾದ ಕಣ್ಣಪಾಪೆ, ಸುರಿಯುವ ಜೊಲ್ಲು, ಬೆವರಿಗೆ ಒದ್ದೆಯಾದ ಅಂಗಿ, ಎದೆಯಲ್ಲಿ ಗೊರಗೊರ ಸದ್ದು. ಇಷ್ಟು ಕಂಡರೆ ಆರ್ಗನೋಫಾಸ್ಫೇಟ್ ಅಥವಾ ಕಾರ್ಬಮೇಟ್ ಗುಂಪಿನ ಕೀಟನಾಶಕದ ವಿಷ ಎಂದೇ ಅನುಮಾನಿಸಿ ಚಿಕಿತ್ಸೆ ಶುರು ಮಾಡಬೇಕು. ರಿಪೋರ್ಟಿಗೆ ಕಾಯುತ್ತಾ ಕೂರುವಂತಿಲ್ಲ. ಆದರೂ ಕೊಲಿನೆಸ್ಟರೇಸ್ (ಈ ವಿಷಗಳು ತಡೆಹಿಡಿಯುವ ಕಿಣ್ವ) ಟೆಸ್ಟ್ ಬರೆಯಬೇಕಲ್ವಾ, ಯಾವುದನ್ನು ಬರೆಯೋದು?

ಪ್ಲಾಸ್ಮಾ (ರಕ್ತದ ದ್ರವ ಭಾಗ) ಟೆಸ್ಟ್ ಸುಲಭ, ಜಾಸ್ತಿ ಕಡೆ ಸಿಗುತ್ತದೆ. ವಿಷ ದೇಹ ಸೇರಿದೆಯೇ ಎಂದು ತಿಳಿಯಲು ಸಾಕು. ಆದರೆ ಪ್ಲಾಸ್ಮಾದ ಈ ಕಿಣ್ವ ತಯಾರಾಗುವುದು ಲಿವರ್‌ನಲ್ಲಿ. ಲಿವರ್ ಕಾಯಿಲೆ, ಅಪೌಷ್ಟಿಕತೆ, ಗರ್ಭಾವಸ್ಥೆಯಲ್ಲಿ ವಿಷವಿಲ್ಲದೆಯೂ ಕಡಿಮೆ ಬರುತ್ತದೆ. ವಿಷ ಎಷ್ಟು ತೀವ್ರ ಎಂಬುದನ್ನೂ ಇದು ಸರಿಯಾಗಿ ಹೇಳುವುದಿಲ್ಲ.

ಕೆಂಪು ರಕ್ತಕಣದ ಟೆಸ್ಟ್ ನರಗಳಲ್ಲಿ ಆಗುತ್ತಿರುವುದಕ್ಕೆ ಹತ್ತಿರ. ತೀವ್ರತೆ ಅಳೆಯಲು ನನ್ನ ಓಟು ಇದಕ್ಕೇ. ತೊಂದರೆ ಇರುವುದು ಸ್ಯಾಂಪಲ್‌ನಲ್ಲಿ. ರಕ್ತ ಟ್ಯೂಬಿಗೆ ಬಂದ ಮೇಲೂ ವಿಷ ಕಿಣ್ವವನ್ನು ಹಿಡಿಯುತ್ತಲೇ ಇರುತ್ತದೆ. ತಕ್ಷಣ ತಣ್ಣಗೆ ಮಾಡದೆ, ತೆಳುಮಾಡದೆ ಸುಮ್ನೆ ಮೇಜಿನ ಮೇಲೆ ಬಿಟ್ಟರೆ ಅಂಕಿ ನಂಬುವಂತಿರುವುದಿಲ್ಲ. ಹೊಸ ರಕ್ತಕಣ ಬಂದಂತೆ ದಿನಕ್ಕೆ ಸುಮಾರು 1% ಮಾತ್ರ ಚೇತರಿಕೆ. ಹಾಗಾಗಿ ತಿಂಗಳ ಹಿಂದಿನ ವಿಷದ ಗುರುತೂ ಸಿಗಬಹುದು.

ಕಾರ್ಬಮೇಟ್ ಆದರೆ ಎರಡೂ ಕೈಕೊಡಬಹುದು. ಕಿಣ್ವ ಸಾಮಾನ್ಯವಾಗಿ 24ರಿಂದ 48 ಗಂಟೆಯೊಳಗೆ ತಾನೇ ಸರಿಹೋಗುತ್ತದೆ. ತಡವಾಗಿ ತೆಗೆದ ರಕ್ತದಲ್ಲಿ ಎಲ್ಲ ನಾರ್ಮಲ್! ಅಲ್ಲಿ ರೋಗಿಯ ಲಕ್ಷಣಗಳನ್ನೂ ಮನೆಯವರು ತಂದ ಖಾಲಿ ಡಬ್ಬಿಯ ಲೇಬಲನ್ನೂ ನೋಡಿ.