ಕಂಪೈಲ್ ಆದ ಮೇಲೆ ಮೆಥಡ್‌ನ ಟೈಪ್ ಅನೊಟೇಶನ್ ಎಲ್ಲಿ ಹೋಗುತ್ತದೆ? ಮೂರು ಭಾಷೆಗಳಲ್ಲಿ ನೋಡಿದ್ದು

ಒಂದು ನಂಬರ್ ತೆಗೆದುಕೊಂಡು ಸ್ಟ್ರಿಂಗ್ ವಾಪಸ್ ಕೊಡುವ ಪುಟ್ಟ ಮೆಥಡ್. ಅದನ್ನೇ ಟೈಪ್‌ಸ್ಕ್ರಿಪ್ಟ್, ಪೈಥಾನ್, ಜಾವಾ ಮೂರರಲ್ಲೂ ಬರೆದೆ. ಕಂಪೈಲ್ ಆದ ಮೇಲೆ ಟೈಪ್ ವಿವರದಲ್ಲಿ, ಅಂದರೆ ಕೋಡ್‌ನಲ್ಲಿ ಬರೆಯುವ ಅನೊಟೇಶನ್‌ನಲ್ಲಿ, ಏನು ಉಳಿಯುತ್ತದೆ ಅಂತ ನೋಡಬೇಕಿತ್ತು.

ಟೈಪ್‌ಸ್ಕ್ರಿಪ್ಟ್ ಕಥೆ ಬೇಗ ಮುಗಿಯುತ್ತದೆ. ಹೊರಬಂದ ಜಾವಾಸ್ಕ್ರಿಪ್ಟ್‌ನಲ್ಲಿ ಟೈಪಿನ ಸುಳಿವೇ ಇಲ್ಲ. ಡೆಕೊರೇಟರ್ (ಮೆಥಡ್ ಮೇಲೆ @ ಹಾಕಿ ಬರೆಯುವ ಗುರುತು) ಹಾಕಿ, ಟೈಪ್ ವಿವರ ಉಳಿಸುವ ಮೆಟಾಡೇಟಾ ಆಪ್ಷನ್ ಆನ್ ಮಾಡಿದರೆ ಸ್ವಲ್ಪ ಉಳಿಯುತ್ತದೆ. ಆದರೆ ಪ್ಯಾರಾಮೀಟರ್ ಟೈಪ್ ಇಂಟರ್‌ಫೇಸ್ ಆಗಿದ್ದರೆ ಬರೀ ‘ಆಬ್ಜೆಕ್ಟ್’ ಅಂತ ಬರುತ್ತದೆ. ಅದನ್ನಿಟ್ಟುಕೊಂಡು ಏನು ಮಾಡೋಣ?

ಪೈಥಾನ್ ಇದಕ್ಕೆ ಉಲ್ಟಾ. ಬರೆದಿದ್ದೆಲ್ಲ ಫಂಕ್ಷನ್ ಜೊತೆಗೇ ಇರುತ್ತದೆ, ಕೇಳಿದರೆ ಡಿಕ್ಷನರಿಯಾಗಿ ಕೈಗೆ ಸಿಗುತ್ತದೆ. ಆದರೆ ಓಡುವಾಗ ಅದನ್ನು ಯಾರೂ ಚೆಕ್ ಮಾಡುವುದಿಲ್ಲ. ನಂಬರ್ ಜಾಗದಲ್ಲಿ ಸ್ಟ್ರಿಂಗ್ ಕೊಟ್ಟೆ, ಸುಮ್ನೆ ಓಡಿತು. 2025ರ 3.14 ಆವೃತ್ತಿಯಿಂದ ಅನೊಟೇಶನ್‌ಗಳ ಮೌಲ್ಯ ಕೇಳಿದಾಗ ಮಾತ್ರ ಲೆಕ್ಕ ಆಗುತ್ತದೆ. ಹಾಗಾಗಿ ಫೈಲ್‌ನಲ್ಲಿ ಕೆಳಗೆಲ್ಲೋ ಇರುವ ಕ್ಲಾಸ್ ಹೆಸರನ್ನು ಮೇಲೆ ಬರೆದರೂ ಎರರ್ ಬರುವುದಿಲ್ಲ. ಇದು ಬಹಳ ಅನುಕೂಲ.

ನನಗೆ ಜಾಸ್ತಿ ಹಿಡಿಸಿದ್ದು ಜಾವಾ. ಇಲ್ಲಿ ಅನೊಟೇಶನ್ ಅಂದರೆ ಟೈಪ್ ಅಲ್ಲ, @ ಹಾಕಿ ಬರೆಯುವ ಗುರುತು. ಅದು ಎಲ್ಲಿಯವರೆಗೆ ಬದುಕಬೇಕು ಅಂತ ನಾವೇ ಹೇಳಬಹುದು: ಸೋರ್ಸ್, ಕ್ಲಾಸ್, ರನ್‌ಟೈಮ್. ಏನೂ ಹೇಳದಿದ್ದರೆ ‘ಕ್ಲಾಸ್’. ಅಂದರೆ ಕಂಪೈಲ್ ಆದ ಫೈಲ್‌ನಲ್ಲಿ ಇರುತ್ತದೆ, ರಿಫ್ಲೆಕ್ಷನ್‌ಗೆ (ಓಡುವಾಗ ಪ್ರೋಗ್ರಾಂ ತನ್ನ ಕೋಡನ್ನೇ ನೋಡುವ ಸೌಲಭ್ಯಕ್ಕೆ) ಕಾಣುವುದಿಲ್ಲ. ಎಂಥಾ ವಿಚಿತ್ರ ಡಿಫಾಲ್ಟ್, ಅಲ್ವಾ?

2014ರಲ್ಲಿ ಜಾವಾ 8 ಬಂದ ಮೇಲೆ ಮೆಥಡ್ ಮೇಲಷ್ಟೇ ಅಲ್ಲ, ಟೈಪ್ ಮೇಲೂ ಅನೊಟೇಶನ್ ಹಾಕಬಹುದು. ನನ್ನ ಅನೊಟೇಶನ್‌ಗೆ ರನ್‌ಟೈಮ್ ಕೊಟ್ಟು, ‘ಮೆಥಡ್’, ‘ಟೈಪ್ ಯೂಸ್’ (ಟೈಪ್ ಬಳಸುವ ಜಾಗ) ಎರಡೂ ಟಾರ್ಗೆಟ್, ಅಂದರೆ ಎಲ್ಲೆಲ್ಲಿ ಹಾಕಬಹುದು ಅನ್ನುವುದನ್ನು, ಹಾಕಿ, ಕ್ಲಾಸ್ ಫೈಲನ್ನು ಜಾವಾಪಿ (javap) ಅನ್ನುವ ಟೂಲ್‌ನಲ್ಲಿ ಬಿಚ್ಚಿ ನೋಡಿದೆ. ಸೋರ್ಸ್‌ನಲ್ಲಿ ಒಂದೇ ಸಲ ಬರೆದದ್ದು ಒಳಗೆ ಎರಡು ಕಡೆ ಕೂತಿತ್ತು: ಒಮ್ಮೆ ಮೆಥಡ್‌ನ ಹೆಸರಲ್ಲಿ, ಇನ್ನೊಮ್ಮೆ ಅದರ ರಿಟರ್ನ್ ಟೈಪ್‌ನ ಹೆಸರಲ್ಲಿ. ಜಾಗ ನೋಡಿದರೆ ಯಾವುದಕ್ಕೆ ಹಾಕಿದ್ದು ಅಂತ ಹೇಳಲು ಬರುವುದಿಲ್ಲ, ಅದಕ್ಕೇ ಕಂಪೈಲರ್ ಎರಡಕ್ಕೂ ಬರೆದುಬಿಡುತ್ತದೆ. ಮೆಥಡ್ ಒಳಗಿನ ಲೋಕಲ್ ವೇರಿಯಬಲ್‌ನ ಟೈಪ್ ಮೇಲೆ ಹಾಕಿದ್ದೂ ಫೈಲ್‌ನಲ್ಲಿತ್ತು. ಆದರೆ ಅದು ಬೈಟ್‌ಕೋಡ್ (ಜಾವಾ ಓಡಿಸುವ ಸೂಚನೆಗಳು) ಇರುವ ಭಾಗಕ್ಕೆ ಅಂಟಿಕೊಂಡಿರುತ್ತದೆ, ರಿಫ್ಲೆಕ್ಷನ್ ಅಲ್ಲಿಗೆ ಮುಟ್ಟುವುದಿಲ್ಲ.

ಹಾಗಂತ ಜಾವಾ ಕಾವಲು ಕಾಯುತ್ತದೆ ಅಂದುಕೊಳ್ಳಬೇಡಿ. ‘ನಲ್ (ಖಾಲಿ ಮೌಲ್ಯ) ಬೇಡ’ ಅಂತ ಅನೊಟೇಶನ್ ಹಾಕಿದ ಕಡೆಯೂ ನಲ್ ಆರಾಮಾಗಿ ಹೋಗುತ್ತದೆ. ಅದಕ್ಕೆ ಬೇರೆ ಚೆಕರ್ ಬೇಕು.

ಈಗ ಟೈಪ್‌ಗೆ ಸಂಬಂಧಿಸಿದ ಅನೊಟೇಶನ್ ಆದರೆ ‘ಟೈಪ್ ಯೂಸ್’ ಒಂದೇ ಟಾರ್ಗೆಟ್ ಕೊಡುತ್ತೇನೆ. ಏನನ್ನೂ ವಾಪಸ್ ಕೊಡದ ವಾಯ್ಡ್ ಮೆಥಡ್ ಮೇಲೆ ಅದನ್ನು ಹಾಕಲು ಹೋದರೆ ಕಂಪೈಲರೇ ಬೈಯುತ್ತದೆ.