ಕಕ್ಕಡದಲ್ಲೂ ಒಣಗಿದ್ದ ಗೋಡೆ: ಸುಣ್ಣದ ಪಾಲಿಶ್ ಗಿಲಾವು, ಮೂರು ಮಳೆಗಾಲದ ನಂತರ

ಕಕ್ಕಡ ಅಂದರೆ ನಮ್ಮ ಕೊಡಗಿನಲ್ಲಿ ಜುಲೈ–ಆಗಸ್ಟ್‌ನ ಜಡಿಮಳೆ ತಿಂಗಳು. ಈ ಕಕ್ಕಡದಲ್ಲಿ ಒಂದು ದಿನ ಮಂಚ ಸರಿಸಿ, ಅತಿಥಿ ಕೋಣೆಯ ಪಡುವಣ ಗೋಡೆಯನ್ನು ಅಂಗೈಯಿಂದ ಸವರಿ ನೋಡಿದೆ. ಹನ್ನೊಂದು ದಿನದಿಂದ ಬಿಸಿಲಿನ ಮುಖ ಕಂಡಿರಲಿಲ್ಲ. ಒಗೆದ ಬಟ್ಟೆಯೆಲ್ಲ ಅಡುಗೆಮನೆಯಲ್ಲಿ, ಒಲೆ ಮೇಲಿನ ಹಗ್ಗದಲ್ಲಿ ನೇತಾಡುತ್ತಿತ್ತು. ಗೋಡೆ ತಣ್ಣಗಿತ್ತು, ಆದರೆ ಕೈಗೆ ತೇವ ಹತ್ತಲಿಲ್ಲ. ಬೂಷ್ಟಿನ ವಾಸನೆ ಇಲ್ಲ. ಮೂಲೆಯಲ್ಲಿ ಒಂದು ಕಪ್ಪು ಚುಕ್ಕೆಯೂ ಇಲ್ಲ. ಇದು ಮೂರನೇ ಮಳೆಗಾಲ. ಇನ್ನು ಇದರ ಬಗ್ಗೆ ಧೈರ್ಯವಾಗಿ ಬರೆಯಬಹುದು ಅನ್ನಿಸಿತು.

ನಮ್ಮ ಮನೆ ಇರುವುದು ಕೊಡಗಿನ ನಾಪೋಕ್ಲಿನಿಂದ ಕಕ್ಕಬ್ಬೆಗೆ ಹೋಗುವ ದಾರಿಯಲ್ಲಿ. ಮಾವ 1978ರಲ್ಲಿ ಕಟ್ಟಿಸಿದ್ದು. ಇಟ್ಟಿಗೆ ಗೋಡೆ, ಮಂಗಳೂರು ಹೆಂಚು, ಕೆಂಪು ಗಾರೆ ನೆಲ. ಹಿಂಬದಿಯ ಎರಡು ಕೋಣೆಗಳನ್ನು ಬಂದು ಹೋಗುವವರಿಗೆ ಕೊಡುತ್ತೇವೆ. ಎರಡೂ ಹನ್ನೆರಡು ಅಡಿಗೆ ಹನ್ನೊಂದು. ಪಡುವಣ ಗೋಡೆಗೆ ಮಳೆಗಾಳಿ ನೇರವಾಗಿ ಹೊಡೆಯುತ್ತದೆ.

ಸುಣ್ಣಕ್ಕೆ ಬರುವ ಮೊದಲು ನಾನು ಎರಡು ಸಲ ದುಡ್ಡು ಕಳೆದುಕೊಂಡೆ. ಅದನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಇಲ್ಲಿ ತುಂಬಾ ಜನ ಇದೇ ದಾರಿಯಲ್ಲಿ ಹೋಗುತ್ತಿದ್ದಾರೆ.

ಮೊದಲನೆಯದು ವಾಲ್‌ಪೇಪರ್. ಏಪ್ರಿಲ್ ತಿಂಗಳಲ್ಲಿ ಮೈಸೂರಿನ ಒಂದು ಅಂಗಡಿಗೆ ಹೋಗಿದ್ದೆವು. ಹೊರಗೆ ಸುಡು ಬಿಸಿಲು, ಒಳಗೆ ಏಸಿ. ಎಲೆ ಹೂವಿನ ಚಿತ್ರದ ಒಂದು ಪೇಪರ್ ತುಂಬಾ ಇಷ್ಟವಾಯಿತು. ಒಂದು ರೋಲ್ ಅಂದರೆ 57 ಚದರಡಿ. ಹಾಸಿಗೆ ತಲೆದೆಸೆಯ ಗೋಡೆಗೆ ಮೂರು ರೋಲ್ ಬೇಕಾಯಿತು. ಕೊಡಗಿನ ಮಳೆ ಅಂತ ನಾನು ಹೇಳಿದೆ. ತೊಳೆಯುವ ಪೇಪರ್, ಏನೂ ಆಗುವುದಿಲ್ಲ ಅಂದರು. ತೊಳೆಯುವ ಪೇಪರ್ ಅಂದರೆ ಮೇಲೆ ವಿನೈಲ್ ಪದರ ಇರುತ್ತದೆ. ಮುಂದಿನಿಂದ ಬಿದ್ದ ನೀರು ಒಳಗೆ ಹೋಗುವುದಿಲ್ಲ, ಅದು ನಿಜ. ನಮ್ಮ ಕಷ್ಟ ಇರುವುದು ಹಿಂದಿನಿಂದ. ಗೋಡೆಯೊಳಗಿನ ತೇವ ಆ ಪದರಕ್ಕೆ ಬಂದು ಅಲ್ಲೇ ನಿಂತುಬಿಡುತ್ತದೆ. ಜುಲೈ ಕೊನೆಗೆ ಜೋಡಣೆ ಬಿಟ್ಟಿತು. ಎಳೆದು ನೋಡಿದರೆ ಹಿಂಬದಿಯಲ್ಲಿ ಬೂದು ಬಣ್ಣದ ತುಪ್ಪಳ. ಆ ಕೋಣೆಯಲ್ಲಿ ಮಲಗಿದ್ದ ಮಗು ರಾತ್ರಿಯಿಡೀ ಕೆಮ್ಮಿತ್ತು. ಅದನ್ನು ನೆನೆದರೆ ಈಗಲೂ ಬೇಜಾರು.

ಎರಡನೆಯದು ಪುಟ್ಟಿ, ಅಂದರೆ ಗೋಡೆ ನುಣುಪು ಮಾಡುವ ಲೇಪ ಹಚ್ಚಿ, ಮೇಲೆ ದುಬಾರಿ ಎಮಲ್ಶನ್ ಪೇಂಟ್. ಎರಡು ವರ್ಷ ಚೆನ್ನಾಗಿತ್ತು. ಆಮೇಲೆ ನೆಲದಿಂದ ಒಂದೂವರೆ ಅಡಿ ಎತ್ತರದವರೆಗೆ ಗುಳ್ಳೆ ಎದ್ದು ಹಾಳೆ ಹಾಳೆಯಾಗಿ ಬಂತು. ಕಾರಣ ಅದೇ, ತೇವ ಹೊರಗೆ ಹೋಗಲು ದಾರಿ ಇಲ್ಲದಿದ್ದುದು.

ಆಗ ಅತ್ತೆ ಒಂದು ಮಾತು ಹೇಳಿದರು. "ಮೊದಲೆಲ್ಲ ಪುತ್ತರಿ ಸುಗ್ಗಿ ಹಬ್ಬಕ್ಕೆ ಮುಂಚೆ ವರ್ಷ ವರ್ಷ ಸುಣ್ಣ ಬಳಿಯುತ್ತಿದ್ದೆವು. ಗೋಡೆ ಕೊಳೆಯಾಗುತ್ತಿತ್ತು, ಆದರೆ ಹೀಗೆ ಸಿಪ್ಪೆ ಏಳುತ್ತಿರಲಿಲ್ಲ." ನಾನು ಮೊದಲು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ಒಂದು ದಿನ ನೆಂಟರನ್ನು ಕರೆದುಕೊಂಡು ನಾಲ್ಕುನಾಡು ಅರಮನೆಗೆ ಹೋದೆ. ನಮ್ಮಿಂದ ದೂರವೇನಲ್ಲ. ಕೊಡಗಿನ ಅರಸ ದೊಡ್ಡವೀರರಾಜೇಂದ್ರ ಅದನ್ನು ಕಟ್ಟಿಸಿದ್ದು 1792–94ರಲ್ಲಿ. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಸಿಕ್ಕಿದ್ದೇ 1824ರಲ್ಲಿ. ಅಂದರೆ ಸಿಮೆಂಟ್ ಹುಟ್ಟುವ ಮೊದಲೇ, ಇದೇ ತಡಿಯಂಡಮೋಳ್ ಬೆಟ್ಟದ ಬುಡದ ಮಳೆಯಲ್ಲಿ ಗೋಡೆ ಎಬ್ಬಿಸಿ, ಅದರ ಮೇಲೆ ಚಿತ್ರ ಬರೆಸಿದ್ದಾರೆ. ಆ ಚಿತ್ರಗಳ ಮುಂದೆ ನಿಂತಾಗ ಅತ್ತೆಯ ಮಾತು ಮತ್ತೆ ನೆನಪಾಯಿತು.

ನಾವು ಮಾಡಿಸಿದ್ದು ಬರೀ ಸುಣ್ಣ ಬಳಿಯುವುದಲ್ಲ. ಮೂರು ಪದರದ ಸುಣ್ಣದ ಗಿಲಾವು, ಕೊನೆಯ ಪದರಕ್ಕೆ ಪಾಲಿಶ್. ಪೇಟೆಯಲ್ಲಿ ಇದನ್ನು ಲೈಮ್ ಪ್ಲಾಸ್ಟರ್ ಅನ್ನುತ್ತಾರೆ. ಇದೇ ಬಗೆಯ ಹೊಳಪಿನ ಕೆಲಸಕ್ಕೆ ರಾಜಸ್ಥಾನದಲ್ಲಿ ಅರಾಯಿಶ್, ಮೊರೊಕ್ಕೊದಲ್ಲಿ ತಾದೆಲಕ್ತ್ ಅನ್ನುವ ಹೆಸರಿದೆ. ಕೆಲಸಕ್ಕೆ ಬಂದವರು ಪುತ್ತೂರು ಕಡೆಯ ಒಬ್ಬ ವಯಸ್ಸಾದ ಮೇಸ್ತ್ರಿ, ಜೊತೆಗೆ ಇಬ್ಬರು ಹುಡುಗರು. ಬಂದವರೇ ಗೋಡೆಯನ್ನು ಸುತ್ತಿಗೆಯಿಂದ ಅಲ್ಲಲ್ಲಿ ತಟ್ಟಿ ಸದ್ದು ಕೇಳಿದರು. "ಅಕ್ಕಾ, ಈ ಪುಟ್ಟಿ ಮೇಲೆ ಸುಣ್ಣ ನಿಲ್ಲಲಿಕ್ಕಿಲ್ಲ. ಇಟ್ಟಿಗೆ ಕಾಣುವವರೆಗೆ ಕೆತ್ತಬೇಕು" ಅಂದರು. ಆರು ದಿನ ಬರೀ ಕೆತ್ತುವುದೇ ಆಯಿತು. ಮನೆಯೆಲ್ಲ ಧೂಳು. ಈ ಖರ್ಚನ್ನು ಯಾರೂ ಮೊದಲೇ ಹೇಳುವುದಿಲ್ಲ, ನೀವು ಲೆಕ್ಕಕ್ಕೆ ಹಿಡಿದುಕೊಳ್ಳಿ. ಹೊಸ ಇಟ್ಟಿಗೆ ಗೋಡೆಯಾದರೆ ಇದು ಬೇಕಿಲ್ಲ.

ಅವರು ಇನ್ನೊಂದು ಷರತ್ತು ಹಾಕಿದರು. ಹೊರಗಿನ ಚರಂಡಿ ಸರಿ ಮಾಡಿಸಿ, ಒಡೆದ ಹೆಂಚು ಬದಲಿಸಿ, ಆಮೇಲೆ ನನ್ನನ್ನು ಕರೆಯಿರಿ ಅಂತ. ನ್ಯಾಯವಾದ ಮಾತು. ಸೋರುವ ಗೋಡೆಯನ್ನು ಸುಣ್ಣ ನಿಲ್ಲಿಸುವುದಿಲ್ಲ. ಒಳಗೆ ಸೇರಿದ ತೇವ ಹಬೆಯಾಗಿ ಹೊರಗೆ ಹೋಗಲು ಬಿಡುತ್ತದೆ, ಅಷ್ಟೇ ಅದರ ಕೆಲಸ. ನಮಗೆ ಬೇಕಾಗಿದ್ದದ್ದೂ ಅಷ್ಟೇ.

ಕೆಲಸ ನೋಡಲು ನನಗೆ ತುಂಬಾ ಖುಷಿಯಾಗುತ್ತಿತ್ತು. ಸುಟ್ಟ ಸುಣ್ಣದ ಗಟ್ಟಿಗಳನ್ನು ಡ್ರಮ್ಮಿಗೆ ಹಾಕಿ ನೀರು ಸುರಿದರೆ ಕೊತಕೊತ ಕುದಿಯುತ್ತಾ ಅರಳುತ್ತದೆ. ಒಲೆ ಬೇಡ, ಬೆಂಕಿ ಬೇಡ. ಆ ಹೊತ್ತಿಗೆ ಮಕ್ಕಳನ್ನು ದೂರ ಇಡಿ. ಕಣ್ಣಿಗೆ ಸಿಡಿದರೆ ಕಣ್ಣೇ ಹೋಗಬಹುದು. ಹುಡುಗರು ಕನ್ನಡಕ, ಕೈಗವಸು ಹಾಕಿಕೊಂಡೇ ಕೆಲಸ ಮಾಡಿದರು. ಅರಳಿದ ಸುಣ್ಣವನ್ನು ಜರಡಿ ಹಿಡಿದು ನೀರಿನಡಿ ಒಂದು ತಿಂಗಳು ಬಿಟ್ಟರು. ಆಮೇಲೆ ಅದು ಬೆಣ್ಣೆಯ ಹಾಗೆ ಆಗಿತ್ತು. ಸುಮ್ನೆ ಹೋಲಿಕೆಗೆ ಹೇಳುತ್ತಿಲ್ಲ, ಕರಣೆಯಲ್ಲಿ ಎತ್ತಿದರೆ ನಿಜವಾಗಿಯೂ ಮಜ್ಜಿಗೆ ಕಡೆದಾಗಿನ ಬೆಣ್ಣೆಯಂತೆ ಅಂಟಿ ನಿಲ್ಲುತ್ತಿತ್ತು.

ಮೊದಲ ಪದರ ಸುಣ್ಣ ಮತ್ತು ದಪ್ಪ ಮರಳು. ಎರಡನೆಯದಕ್ಕೆ ನುಣ್ಣನೆಯ ಮರಳು. ಮೂರನೆಯದು ಸುಣ್ಣದ ಬೆಣ್ಣೆ ಮತ್ತು ಅಮೃತಶಿಲೆಯ ಪುಡಿ, ಎರಡು ಮಿಲಿಮೀಟರ್ ದಪ್ಪ ಇದ್ದರೆ ಹೆಚ್ಚು. ಮೂರನೆಯ ಪದರ ಹಸಿಯಾಗಿರುವಾಗಲೇ ಕರಣೆಯಿಂದ ಒತ್ತಿ ಒತ್ತಿ ಉಜ್ಜಬೇಕು. ಮೇಸ್ತ್ರಿ ಕೊನೆಗೆ ನುಣುಪಾದ ಒಂದು ಹೊಳೆಕಲ್ಲು ತೆಗೆದರು. ಸೋಪಿನ ನೀರು ಸವರಿ ಆ ಕಲ್ಲಿನಿಂದ ಉಜ್ಜಿದರು. ಸೋಪು ಸುಣ್ಣದ ಜೊತೆ ಸೇರಿ ನೀರಿಗೆ ಕರಗದ ತೆಳು ಪದರವಾಗುತ್ತದೆ. ಹೊಳಪು ಬರುವುದು ಅದರಿಂದ. ಗಾಜಿನ ಹೊಳಪಲ್ಲ. ಕೆಸುವಿನ ಎಲೆಯ ಮೇಲ್ಮೈಗೆ ಇರುತ್ತದಲ್ಲ, ಆ ಥರದ್ದು. ಸಂಜೆ ದೀಪ ಹಾಕಿದಾಗ ಗೋಡೆ ಚಂದ ಕಾಣುವುದು ಬೆಳಕು ಒಂದೇ ಸಮ ಬೀಳದೆ ಅಲ್ಲಲ್ಲಿ ಮೆತ್ತಗೆ ಬೀಳುವುದರಿಂದ.

ಬಣ್ಣದ ಬಗ್ಗೆ ಒಂದು ಎಚ್ಚರಿಕೆ. ಸುಣ್ಣಕ್ಕೆ ಎಲ್ಲ ಬಣ್ಣವೂ ಒಗ್ಗುವುದಿಲ್ಲ. ಕ್ಷಾರ ತಡೆಯುವ ಬಣ್ಣ ಬೇಕು. ಕಾವಿ, ಹಳದಿ ಮಣ್ಣು, ಕಪ್ಪು ಆಕ್ಸೈಡ್ ಇಂಥವು. ಹಸಿಯಿದ್ದಾಗ ಕಾಣುವ ಬಣ್ಣ ಒಣಗಿದ ಮೇಲೆ ತುಂಬಾ ತಿಳಿಯಾಗುತ್ತದೆ. ನಾನು ಹಸಿ ಗೋಡೆ ನೋಡಿ ಗಾಬರಿಯಾಗಿದ್ದೆ. ಮೇಸ್ತ್ರಿ ಒಂದು ಹಲಗೆ ಮೇಲೆ ಹಚ್ಚಿ ನಾಲ್ಕು ದಿನ ಒಣಗಿಸಿ ತೋರಿಸಿದ ಮೇಲೆ ಸಮಾಧಾನವಾಯಿತು. ಹಲಗೆ ಮಾದರಿ ನೋಡದೆ ಒಪ್ಪಬೇಡಿ.

ಕಾಲ ಯಾವುದು ಅನ್ನುವುದು ನಮ್ಮ ಊರಿನಲ್ಲಿ ದೊಡ್ಡ ಪ್ರಶ್ನೆ. ಸುಣ್ಣ ಗಟ್ಟಿಯಾಗುವುದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು. ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ ಅದು. ಮಳೆಗಾಲದ ಒದ್ದೆಯಲ್ಲಿ ಅದು ತೀರಾ ನಿಧಾನ. ಬಿರುಬಿಸಿಲಿನಲ್ಲಿ ನೀರು ಬೇಗ ಆರಿ ಬಿರುಕು ಬಿಡುತ್ತದೆ. ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯದು, ಆದರೆ ಅದು ಕಾಫಿ ಕುಯ್ಲಿನ ಸಮಯ, ಆಳು ಸಿಗುವುದಿಲ್ಲ, ಮನೆಯವರಿಗೂ ಪುರುಸೊತ್ತಿಲ್ಲ. ನಾವು ಅರೇಬಿಕಾ ಮುಗಿದ ಮೇಲೆ ಶುರು ಮಾಡಿ, ಕಾಫಿ ಹೂ ಅರಳಿಸುವ ಹೂಮಳೆ ಬರುವ ಮೊದಲು ಮುಗಿಸಿದೆವು. ನಮ್ಮವರು ಬೇಗ ಮುಗಿಸಿ ಅಂತ ಎರಡು ಸಲ ಕೇಳಿದರು. "ಅವಸರ ಮಾಡಿದರೆ ಆಗ್ಲಿಕ್ಕಿಲ್ಲ, ಸುಣ್ಣಕ್ಕೆ ಅದರದ್ದೇ ಲೆಕ್ಕ" ಅಂತ ಮೇಸ್ತ್ರಿ ಉತ್ತರ.

ಈಗ ದೋಷಗಳು. ಅಡುಗೆಮನೆಗೆ ಇದು ಬೇಡವೇ ಬೇಡ. ಕೋಣೆಯಲ್ಲಿ ಚೆನ್ನಾಗಿ ಬಂತು ಅಂತ ಒಲೆ ಪಕ್ಕದ ಎರಡು ಅಡಿ ಗೋಡೆಗೂ ಹಾಕಿಸಿದ್ದೆ. ಕಾಚಂಪುಳಿ, ಅಂದರೆ ನಮ್ಮ ಅಡುಗೆಯ ಕಪ್ಪು ಹುಳಿ, ಸಿಡಿದ ಕಡೆಯೆಲ್ಲ ಹೊಳಪು ಹೋಗಿ ಒರಟಾಗಿದೆ. ಹುಳಿ ಸುಣ್ಣವನ್ನು ತಿನ್ನುತ್ತದೆ. ಒರೆಸಿದರೆ ಹೋಗುವ ಕಲೆಯಲ್ಲ ಅದು, ಆ ಜಾಗದ ಸುಣ್ಣವೇ ಹೋಗಿರುತ್ತದೆ. ಆ ಹುಳಿ ಹಾಕಿ ಪಂದಿಕರಿ (ಹಂದಿ ಮಾಂಸದ ಸಾರು) ಮಾಡುವ ಮನೆಯಲ್ಲಿ ಒಲೆ ಹಿಂದೆ ಟೈಲ್ಸ್ ಇರಲಿ. ನಿಂಬೆ, ವಿನೆಗರ್, ಬಾತ್‌ರೂಮಿನ ಆಸಿಡ್ ಯಾವುದನ್ನೂ ಹತ್ತಿರ ತರಬೇಡಿ.

ಮೂಲೆಗಳು ಮೆದು. ಸೂಟ್‌ಕೇಸ್ ತಾಗಿ ಬಾಗಿಲ ಪಕ್ಕದ ಅಂಚು ಉಗುರಿನಷ್ಟು ಹಾರಿದೆ. ಮೊಳೆ ಹೊಡೆಯುವ ಮೊದಲು ಯೋಚಿಸಬೇಕು. ತೇಪೆ ಹಾಕಿದರೆ ಗೊತ್ತಾಗುತ್ತದೆ. ಇನ್ನು ಗೋಡೆಗೆ ಅಂಟಿಸಿ ಬೀರು ಇಡಬೇಡಿ, ಮೂರು ಬೆರಳು ಜಾಗ ಬಿಡಿ. ಗಾಳಿ ಆಡದಿದ್ದರೆ ಯಾವ ಗೋಡೆಯೂ ಬೂಷ್ಟು ಹಿಡಿಯುತ್ತದೆ. ಹೊಸ ಸುಣ್ಣದ ಕ್ಷಾರಕ್ಕೆ ಬೂಷ್ಟು ಬರುವುದಿಲ್ಲ, ಪಿಎಚ್ 12ಕ್ಕೂ ಮೇಲೆ ಇರುತ್ತದೆ. ಆದರೆ ಅದು ಗಟ್ಟಿಯಾಗುತ್ತಾ ಹೋದಂತೆ ಆ ಕ್ಷಾರ ಇಳಿಯುತ್ತದೆ. ಆಮೇಲೆ ಕಾಯುವುದು ಗಾಳಿಯೇ.

ನೆಲವನ್ನೂ ಅದೇ ತಂಡದಿಂದ ಮಾಡಿಸಿದೆವು, ರೆಡ್ ಆಕ್ಸೈಡ್. ಸಿಮೆಂಟಿಗೆ ಕಾವಿ ಬಣ್ಣದ ಐರನ್ ಆಕ್ಸೈಡ್ ಪುಡಿ ಬೆರೆಸಿ, ಒಂದು ಕೋಣೆಯನ್ನು ಒಂದೇ ದಿನದಲ್ಲಿ ಮುಗಿಸಬೇಕು. ಅರ್ಧಕ್ಕೆ ನಿಲ್ಲಿಸಿದರೆ ಗೆರೆ ಕಾಣುತ್ತದೆ. ಆಮೇಲೆ ಒಂದು ವಾರ ನೀರು ನಿಲ್ಲಿಸಿದರು. ಮೊದಲ ಕೋಣೆಯಲ್ಲಿ ಮಧ್ಯೆ ಪಟ್ಟಿ ಹಾಕದೆ ಒಂದೇ ಹಾಸು ಮಾಡಿದ್ದು ತಪ್ಪಾಯಿತು. ಹೊಸ್ತಿಲ ಬಳಿಯಿಂದ ಕೂದಲೆಳೆಯಂಥ ಬಿರುಕು ಬಂದಿದೆ. ಎರಡನೇ ಕೋಣೆಯಲ್ಲಿ ಹಿತ್ತಾಳೆ ಪಟ್ಟಿ ಹಾಕಿ ನಾಲ್ಕು ಭಾಗ ಮಾಡಿದ್ದರಿಂದ ಏನೂ ಆಗಿಲ್ಲ. ತಿಂಗಳಿಗೊಮ್ಮೆ ಜೇನುಮೇಣವನ್ನು ತೆಂಗಿನೆಣ್ಣೆಯಲ್ಲಿ ಕರಗಿಸಿ ಒರೆಸುತ್ತೇನೆ. ಮಳೆಗಾಲದಲ್ಲಿ ಎಣ್ಣೆ ಬೇಡ, ಜಾರುತ್ತದೆ. ಮಾವನ ಕಾಲದ ಜಗಲಿ ನೆಲಕ್ಕೆ ಇರುವ ಆ ಗಾಢ ಕೆಂಪು ಇದಕ್ಕೆ ಇನ್ನೂ ಬಂದಿಲ್ಲ. ಅದು ಅಷ್ಟು ವರ್ಷ ಓಡಾಡಿದ ಕಾಲುಗಳಿಂದ ಬಂದದ್ದು.

ಮರದ ಕೆಲಸದ ಬಗ್ಗೆ ಎರಡೇ ಮಾತು. ಪ್ಲೈವುಡ್ ತಗೊಳ್ಳುವುದಾದರೆ ಹಾಳೆಯ ಮೇಲೆ ಐಎಸ್ 710 ಅನ್ನುವ, ನೀರು ತಡೆಯುವ ಮರೀನ್ ಪ್ಲೈವುಡ್ಡಿನ ಗುರುತು ನೋಡಿ ತಗೊಳ್ಳಿ. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ನಮ್ಮ ಕಡೆಗೆ ಬೇಡ, ನೀರು ಕುಡಿದು ಉಬ್ಬುತ್ತದೆ. ನಮ್ಮ ಬೀರಿನ ಬಾಗಿಲಿಗೆ ತೋಟದ್ದೇ ಸಿಲ್ವರ್ ಓಕ್ ಹಲಗೆ ಬಳಸಿದೆವು. ಚೆನ್ನಾಗಿ ಒಣಗಿಸಿ ಸೀಳಿದರೆ ಅದರಲ್ಲಿ ಮೀನಿನ ಹುರುಪೆಯಂಥ ಗೆರೆಗಳು ಬರುತ್ತವೆ, ಎಷ್ಟು ಚಂದ ಅಂದರೆ ಮೇಲೆ ಲ್ಯಾಮಿನೇಟ್ ಅಂಟಿಸಲು ಮನಸ್ಸೇ ಬರಲಿಲ್ಲ. ಪಾಲಿಶ್ ಮಾತ್ರ ಮಳೆಗಾಲದಲ್ಲಿ ಹೊಡೆಸಬೇಡಿ. ಒಂದು ಬಾಗಿಲಿಗೆ ಜುಲೈಯಲ್ಲಿ ಹೊಡೆಸಿ, ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗಿ, ಮತ್ತೆ ಉಜ್ಜಿ ತೆಗೆಸಬೇಕಾಯಿತು.

ಖರ್ಚು ಹೇಳುತ್ತೇನೆ. ಸುಣ್ಣದ ಗಿಲಾವು ನಮಗೆ ಚದರಡಿಗೆ 155 ರೂಪಾಯಿ ಬಿತ್ತು, ಒಟ್ಟು 620 ಚದರಡಿ. ಕೆತ್ತಿದ್ದಕ್ಕೆ ಬೇರೆ ಕೂಲಿ. ನೆಲ ಚದರಡಿಗೆ 110. ಪೇಂಟಿಗೆ ಹೋಲಿಸಿದರೆ ಜಾಸ್ತಿ, ಹೌದು. ಆದರೆ ವಾಲ್‌ಪೇಪರ್, ಪುಟ್ಟಿ, ಪೇಂಟ್, ಅದನ್ನು ಕೆತ್ತಿ ತೆಗೆದ ಕೂಲಿ ಎಲ್ಲ ಕೂಡಿಸಿದರೆ ನಾನು ಮೊದಲೇ ಇದನ್ನು ಮಾಡಿಸಬೇಕಿತ್ತು. ಬಾಡಿಗೆ ಮನೆಯವರಿಗೆ, ತಿಂಗಳೊಳಗೆ ಗೃಹಪ್ರವೇಶ ಇಟ್ಟುಕೊಂಡವರಿಗೆ ಇದು ಸರಿಹೋಗುವುದಿಲ್ಲ. ಇಟ್ಟಿಗೆ ಅಥವಾ ಕಲ್ಲಿನ ಹಳೇ ಮನೆ, ದಪ್ಪ ಗೋಡೆ, ಸ್ವಲ್ಪ ತಾಳ್ಮೆ ಇದ್ದರೆ ಧಾರಾಳವಾಗಿ ಮಾಡಿಸಿ. ಒಂದೇ ಗೋಡೆಯಿಂದ ಶುರು ಮಾಡಿ, ಅದೂ ಪಡುವಣ ಗೋಡೆಯಿಂದ. ಒಂದು ಕಕ್ಕಡ ನೋಡಿ, ಆಮೇಲೆ ಮುಂದುವರಿಸಿ.

ಉಳಿದ ಸುಣ್ಣ ಮನೆ ಹಿಂದೆ ಮುಚ್ಚಳ ಬಿಗಿದ ಡ್ರಮ್ಮಿನಲ್ಲಿ, ನೀರಿನಡಿ ಇದೆ. ಗಾಳಿ ತಾಗದಿದ್ದರೆ ಅದು ಕೆಡುವುದಿಲ್ಲ, ಹಳತಾದಷ್ಟೂ ಕೆಲಸಕ್ಕೆ ಒಳ್ಳೆಯದು. ಹೋದ ವಾರ ಮುಚ್ಚಳ ತೆಗೆದು ನೋಡಿದೆ, ಬೆಣ್ಣೆ ಹಾಗೇ ಇದೆ. ಕುಯ್ಲು ಮುಗಿಯುತ್ತಿದ್ದಂತೆ ಮೇಸ್ತ್ರಿ ಮತ್ತೆ ಬರುತ್ತಾರೆ. ಈ ಸಲ ಅತ್ತೆಯ ಕೋಣೆ. ಅವರಿಗೆ ಯಾವ ಬಣ್ಣವೂ ಬೇಡವಂತೆ, ಬರೀ ಬಿಳಿ ಸಾಕಂತೆ.